ಹಿತ್ತಲಿನಲ್ಲಿ ಮಚ್ಚಿನ ಪರೀಕ್ಷೆ

ಒಂದು ಹತಾರ ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಪು ಕೊಡುವ ಅಧಿಕಾರ ಯಾರದು? ಅದನ್ನು ಮಾರುವ ಅಂಗಡಿಯವನದೇ? ಹೊಳೆಯುವ ಚಿತ್ರದೊಡನೆ ಹೊಗಳುವ ಜಾಹೀರಾತಿನದೇ? ಅಥವಾ ಆ ಹತಾರ ಕಡಿಯಬೇಕಾದ ಕೊಂಬೆಯದೇ? ಪ್ರಶ್ನೆ ಸಣ್ಣದಾಗಿ ಕಂಡರೂ ಅದರ ಉತ್ತರದಲ್ಲಿ ವಿಜ್ಞಾನದ ಕ್ರಮವೆಲ್ಲ ಅಡಗಿದೆ. ನಾನು ಇಲ್ಲಿ ವಾದಿಸಹೊರಟಿರುವುದು ಇಷ್ಟು: ಹಿತ್ತಲನ್ನು ಹಸನುಮಾಡುವ ದೊಡ್ಡ ಅಲಗಿನ ಮಚ್ಚನ್ನು ಹಿತ್ತಲಿನಲ್ಲಿಯೇ, ಅಳತೆಗೋಲು ಹಿಡಿದು, ಪಕ್ಷಪಾತವಿಲ್ಲದೆ ಪರೀಕ್ಷಿಸಬೇಕು, ಮತ್ತು ಈ ಪರೀಕ್ಷೆಯು ನಮ್ಮ ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ನಡೆಸುವ ಅನೇಕ ಪ್ರಯೋಗಗಳಿಗಿಂತ ಹೆಚ್ಚು ನಿಜವಾದ ಪ್ರಯೋಗ.

ಮಚ್ಚು ಎಂದೊಡನೆ ಇಂದಿನ ತರುಣರ ಮನಸ್ಸಿಗೆ ಬರುವುದು ಚಲನಚಿತ್ರದ ಹೊಡೆದಾಟ. ಇದು ಆ ಹತಾರಕ್ಕೆ ಆದ ಅನ್ಯಾಯ. ಕಾಯಿ ಒಡೆಯುವ, ಬೇಲಿ ಸವರುವ, ಸೌದೆ ಸೀಳುವ, ದನಕ್ಕೆ ಮೇವು ಕತ್ತರಿಸುವ ಈ ಸಾಧನವು ಜಗತ್ತಿನ ಬಹುಪಾಲು ರೈತಾಪಿ ಮನೆಗಳಲ್ಲಿ ಒಂದಲ್ಲ ಒಂದು ಹೆಸರಿನಿಂದ ಇದೆ. ನಮ್ಮ ನಾಡಿನ ದಕ್ಷಿಣ ಭಾಗದವರು ಅದನ್ನು ಮಚ್ಚು ಎನ್ನುವರು. ಕರಾವಳಿ ಮಲೆನಾಡುಗಳವರು ಕತ್ತಿ ಎನ್ನುವರು. ಕೊಡಗಿನಲ್ಲಿ ಅಗಲವಾಗಿ ಬಾಗಿದ ಒಡಿಕತ್ತಿಯುಂಟು. ಕೊಡವರ ಮದುವೆಯಲ್ಲಿ ನೆಟ್ಟ ಬಾಳೆಯ ದಿಂಡುಗಳನ್ನು ಅದರಿಂದ ಕಡಿಯುವ ಸಂಪ್ರದಾಯ ಇಂದಿಗೂ ನಡೆದಿದೆ. ನೇಪಾಳದ ಕುಕ್ರಿ, ಮಲಯದ ಪರಾಂಗ್, ಲ್ಯಾಟಿನ್ ಅಮೆರಿಕದ ಮಚೆಟೆ, ಇವೆಲ್ಲ ಒಂದೇ ಕುಲದವು. ಆದರೆ ಒಂದೇ ಆಕಾರದವಲ್ಲ. ಏಕೆ? ಅವು ಕಡಿಯುವ ವಸ್ತು ಒಂದೇ ಅಲ್ಲವಾದುದರಿಂದ.

ನಮ್ಮ ಗುರುಮಠಕಲ್ ಕಡೆಯ ಹಿತ್ತಲನ್ನೇ ನೋಡಿ. ಒಂದು ಮೂಲೆಯಲ್ಲಿ ಜೋಳದ ದಂಟು ಇರುತ್ತದೆ. ಇನ್ನೊಂದು ಕಡೆ ಉರುವಲಿಗೆಂದು ಒಟ್ಟಿದ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ. ನೆರಳಿಗೆ ಒಂದು ಬೇವು. ಎಲ್ಲಕ್ಕೂ ಸುತ್ತಲೂ, ಕರೆಯದೆ ಬಂದು ಕುಳಿತ ಬಳ್ಳಾರಿ ಜಾಲಿ. ಅಮೆರಿಕ ಖಂಡದಿಂದ 19ನೆಯ ಶತಮಾನದಲ್ಲಿ ಭಾರತಕ್ಕೆ ತಂದ ಈ ಮುಳ್ಳುಗಿಡ ಬರದ ಸೀಮೆಯನ್ನೆಲ್ಲ ತನ್ನದಾಗಿಸಿಕೊಂಡಿದೆ. ಅದರ ಹಸಿ ಕೊಂಬೆ ಬಾಗುತ್ತದೆ, ಒಣ ಕೊಂಬೆ ಕಬ್ಬಿಣದಂತೆ ಎದುರು ನಿಲ್ಲುತ್ತದೆ, ಮುಳ್ಳು ಕೈಯನ್ನು ಹತ್ತಿರ ಬಿಡದು. ಅಲ್ಲದೆ ನಮ್ಮದು ಕಲ್ಲು ನೆಲ. ಗುರಿ ತಪ್ಪಿದ ಏಟು ಮಣ್ಣಿಗಲ್ಲ, ಕಲ್ಲಿಗೆ ಬೀಳುತ್ತದೆ. ನಮ್ಮ ಹಿರಿಯರು ಜೋಳಕ್ಕೆ ಕುಡಗೋಲು, ಜಾಲಿಗೆ ಕೊಡಲಿ ಎಂದು ಕೆಲಸವನ್ನು ಹಂಚಿಟ್ಟದ್ದು ಸುಮ್ಮನೆ ಅಲ್ಲ. ಮಚ್ಚು ಇವೆರಡರ ನಡುವಿನ ಹತಾರ. ಎರಡೂ ಕೆಲಸ ಮಾಡಬಲ್ಲೆನೆಂದು ಅದು ಹೇಳಿಕೊಳ್ಳುತ್ತದೆ. ಆ ಮಾತು ಎಷ್ಟರ ಮಟ್ಟಿಗೆ ನಿಜವೆಂಬುದನ್ನು ಪರೀಕ್ಷಿಸಬೇಕಾದುದು ನಾವು.

ಪರೀಕ್ಷೆಗೆ ಮೊದಲು ಮಚ್ಚಿನ ಏಟಿನಲ್ಲಿ ಏನು ನಡೆಯುತ್ತದೆಂಬುದನ್ನು ತಿಳಿಯೋಣ. ಭಾರವಾದ ಮಚ್ಚೇ ಹೆಚ್ಚು ಕಡಿಯುತ್ತದೆಂದು ಹಲವರ ನಂಬಿಕೆ. 600 ಗ್ರಾಂ ತೂಕದ ಮಚ್ಚು ಸೆಕೆಂಡಿಗೆ 10 ಮೀಟರು ವೇಗದಿಂದ ಕೊಂಬೆಗೆ ತಗುಲಿತೆಂದು ಇಟ್ಟುಕೊಳ್ಳಿ. ತೂಕದ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಅದರ ಚಲನಶಕ್ತಿ 30 ಜೂಲ್ ಆಗುತ್ತದೆ. ಈಗ ತೂಕವನ್ನು ಇಮ್ಮಡಿಗೊಳಿಸಿ 1200 ಗ್ರಾಂ ಮಾಡಿ. ಅದೇ ತೋಳು ಅದನ್ನು ಅದೇ ವೇಗದಿಂದ ಬೀಸಲಾರದು. ವೇಗ ಸೆಕೆಂಡಿಗೆ 7 ಮೀಟರಿಗೆ ಇಳಿದರೆ ಶಕ್ತಿ 29.4 ಜೂಲ್. ತೂಕ ಇಮ್ಮಡಿಯಾಯಿತು, ತೋಳು ದಣಿಯಿತು, ಲಾಭ ಶೂನ್ಯ! ವೇಗದ ವರ್ಗವು ಲೆಕ್ಕದಲ್ಲಿ ಬರುವುದರಿಂದ ಹಗುರ ಅಲಗಿಗೆ ಈ ಅನುಕೂಲ. ಜೋಳದ ದಂಟಿನ ವಿಷಯದಲ್ಲಂತೂ ವೇಗವೇ ಸರ್ವಸ್ವ. ಒಂಟಿಯಾಗಿ ನಿಂತ ದಂಟಿಗೆ ಹಿಂದಿನಿಂದ ಆಸರೆಯಿಲ್ಲ. ತನ್ನ ಜಡತ್ವ ಮತ್ತು ಬಿಗುವು, ಇವಿಷ್ಟರಿಂದಲೇ ಅದು ಅಲಗಿಗೆ ಎದುರು ನಿಲ್ಲಬೇಕು. ನಿಧಾನವಾದ ಭಾರದ ಮಚ್ಚು ಅದನ್ನು ಕಡಿಯದೆ ಬಾಗಿಸಿ ಮಲಗಿಸುತ್ತದೆ. ದಪ್ಪ ಕೊಂಬೆಯ ವಿಷಯ ಬೇರೆ. ಅಲ್ಲಿ ಮರ ಅಲಗನ್ನು ಬೇಗನೆ ತಡೆದು ನಿಲ್ಲಿಸುವುದರಿಂದ ತೂಕವು ತರುವ ಸಂವೇಗಕ್ಕೂ ಬೆಲೆಯಿದೆ. ಆದುದರಿಂದ "ಯಾವ ಮಚ್ಚು ಒಳ್ಳೆಯದು?" ಎಂದು ಕೇಳುವುದು ಅರ್ಧ ಪ್ರಶ್ನೆ, "ಯಾವುದನ್ನು ಕಡಿಯಲು?" ಎಂಬುದು ಉಳಿದರ್ಧ.

ಎರಡನೆಯದು ಅಲಗಿನ ಬಾಯಿ. ಮಚ್ಚು ಎಂದರೆ ಹಿಡಿ ಹಾಕಿದ ಬೆಣೆ. ಬಾಯಿಯ ಎರಡು ಮೈಗಳ ನಡುವಣ ಕೋನ 20 ಡಿಗ್ರಿ ಇದ್ದಾಗ, ಘರ್ಷಣೆಯನ್ನು ಬಿಟ್ಟು ಲೆಕ್ಕ ಹಾಕಿದರೆ, ಬೆಣೆಯ ಯಾಂತ್ರಿಕ ಲಾಭ ಸುಮಾರು 2.8, ಕೋನ 40 ಡಿಗ್ರಿಯಾದರೆ ಸುಮಾರು 1.4 ಮಾತ್ರ. ಚೂಪು ಬಾಯಿ ಎರಡರಷ್ಟು ಸುಲಭವಾಗಿ ಒಳಗಿಳಿಯುತ್ತದೆ. ಹಾಗಾದರೆ ಎಲ್ಲ ಮಚ್ಚುಗಳನ್ನೂ ಚಾಕುವಿನಂತೆ ತೆಳುವಾಗಿ ಸಾಣೆ ಹಿಡಿಯಬಾರದೇಕೆ? ತೆಳು ಬಾಯಿ ಒಣ ಜಾಲಿಯ ಗಂಟಿಗೆ ಬಡಿದಾಗ ಮಡಚಿಕೊಳ್ಳುತ್ತದೆ ಇಲ್ಲವೆ ಮುಕ್ಕಾಗುತ್ತದೆ. ಮಳೆಕಾಡಿನ ಹಸಿ ಗಿಡಬಳ್ಳಿಗಳನ್ನು ಸವರುವ ಲ್ಯಾಟಿನ್ ಅಮೆರಿಕದ ಮಚೆಟೆಗೆ ಎರಡು ಮೂರು ಮಿಲಿಮೀಟರು ದಪ್ಪದ ಉದ್ದ ಹಾಳೆ ಸಾಕು. ಮುಳ್ಳು ಮರದ ಸೀಮೆಯವರಿಗೆ ದಪ್ಪ ಬೆನ್ನಿನ, ಮೋಟಾದ ಅಲಗು ಬೇಕು. ತುದಿ ಮುಂದಕ್ಕೆ ಬಾಗಿದ್ದರೆ ಮುಳ್ಳಿನ ಕೊಂಬೆಯನ್ನು ಕೈ ತಾಗದಂತೆ ಎಳೆದು ಹಾಕಲೂ ಅನುಕೂಲ. ಹೊರನಾಡಿನ ಹೆಸರುವಾಸಿ ಅಲಗು ನಮ್ಮ ಜಾಲಿಯ ಮುಂದೆ ಸೋತರೆ ಅದು ಕೆಟ್ಟದ್ದೆಂದಲ್ಲ. ಅದು ಬೇರೊಂದು ಪ್ರಶ್ನೆಗೆ ಉತ್ತರವಾಗಿ ಹುಟ್ಟಿದ್ದು.

ಮೂರನೆಯದು ಉಕ್ಕು. ಇಲ್ಲಿಯೇ ಕಣ್ಣು ಹೆಚ್ಚು ಮೋಸಹೋಗುವುದು. ಕಬ್ಬಿಣದಲ್ಲಿ ಬೆರೆತ ಇಂಗಾಲದ ಪ್ರಮಾಣ ಅಲ್ಪವಾದರೂ ಗುಣವನ್ನು ನಿರ್ಧರಿಸುವುದು ಅದೇ. ಇಂಗಾಲ ಬಹಳ ಕಡಿಮೆಯಿರುವ ಮೆದು ಉಕ್ಕನ್ನು ಎಷ್ಟು ಕಾಯಿಸಿ ನೀರಿಗದ್ದಿದರೂ ಅದು ತಕ್ಕಷ್ಟು ಗಡಸಾಗದು. ಸುಮಾರು ಅರ್ಧ ಶೇಕಡದಷ್ಟು ಅಥವಾ ಅದಕ್ಕೆ ಸ್ವಲ್ಪ ಮೇಲೆ ಇಂಗಾಲವಿರುವ ಉಕ್ಕು ಗಡಸಾಗುತ್ತದೆ. ಕಮ್ಮಾರರು ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ಆಸೆಪಟ್ಟು ಕೊಳ್ಳುವುದು ಇದರಿಂದಲೇ. ಸಾವಿರಾರು ಸಲ ಬಾಗಿ ಮತ್ತೆ ನೆಟ್ಟಗಾಗುವಂತೆ ಮಾಡಿದ ಉಕ್ಕು ಮಚ್ಚಿನ ಏಟಿಗೂ ಹೇಳಿ ಮಾಡಿಸಿದಂತಿರುತ್ತದೆ. ಇನ್ನು ಪಾತ್ರೆಗಳಿಗೆ ಬಳಸುವ ಸಾಮಾನ್ಯ ಸ್ಟೇನ್‌ಲೆಸ್ ಉಕ್ಕು ಕನ್ನಡಿಯಂತೆ ಹೊಳೆದರೂ ಕಾಯಿಸಿ ತಣಿಸುವುದರಿಂದ ಗಡಸಾಗುವ ಜಾತಿಯದಲ್ಲ. ಅಂಥ ತಗಡಿನಿಂದ ಕತ್ತರಿಸಿದ ಅಲಗು ತುಕ್ಕು ಹಿಡಿಯದು, ನಿಜ, ಬಾಯಿಯನ್ನೂ ಹಿಡಿದಿಡದು. ಚಾಕುಗಳಿಗೆಂದೇ ಮಾಡಿದ ಬೇರೆ ಸ್ಟೇನ್‌ಲೆಸ್ ಉಕ್ಕುಗಳುಂಟು. ಒಂದು ಅಯಸ್ಕಾಂತದಿಂದ ಇವನ್ನು ಬಹುಮಟ್ಟಿಗೆ ಬೇರ್ಪಡಿಸಬಹುದು: ಗಡಸಾಗುವ ಉಕ್ಕನ್ನು ಅಯಸ್ಕಾಂತ ಬಲವಾಗಿ ಹಿಡಿಯುತ್ತದೆ, ಪಾತ್ರೆಯ ಉಕ್ಕನ್ನು ಹಿಡಿದೂ ಹಿಡಿಯದಂತೆ ಬಿಡುತ್ತದೆ. ಮೆದು ಉಕ್ಕನ್ನೂ ಅಯಸ್ಕಾಂತ ಹಿಡಿಯುವುದರಿಂದ ಈ ಒಂದೇ ಪರೀಕ್ಷೆ ಸಾಲದು. ಬಾಯಿಯ ಬಳಿ ಅರವನ್ನು ಮೆಲ್ಲನೆ ಆಡಿಸಿ ನೋಡಬೇಕು. ಅರ ಸುಲಭವಾಗಿ ಕಚ್ಚಿದರೆ ಉಕ್ಕು ಮೆದು, ಜಾರುವಂತಿದ್ದರೆ ಗಡಸು.

ಆದರೆ ಗಡಸೇ ಗುಣವಲ್ಲ. ಕೆಂಪಗೆ ಕಾದ ಉಕ್ಕನ್ನು ಥಟ್ಟನೆ ತಣಿಸಿದರೆ ಅದು ಗಾಜಿನಂತೆ ಗಡಸಾಗುತ್ತದೆ, ಗಾಜಿನಂತೆ ಒಡೆಯಲೂ ಒಡೆಯುತ್ತದೆ. ಆದುದರಿಂದ ಕಮ್ಮಾರ ಅದನ್ನು ಮತ್ತೆ ಮೆಲ್ಲನೆ ಕಾಯಿಸಿ ಹದಕ್ಕೆ ತರುತ್ತಾನೆ. ಉಜ್ಜಿ ಹೊಳಪು ಮಾಡಿದ ಮೈಮೇಲೆ 230 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಹುಲ್ಲಿನ ಹಳದಿ, ಮುಂದೆ ಕಂದು, ನೇರಿಳೆ, 300 ಡಿಗ್ರಿಯ ಸುಮಾರಿಗೆ ನೀಲಿ ಹರಿದುಬರುತ್ತವೆ. ಸೋಪಿನ ಗುಳ್ಳೆಯ ಮೇಲೆ, ನೀರಿನಲ್ಲಿ ಹರಡಿದ ಎಣ್ಣೆಯ ಮೇಲೆ ಬಣ್ಣ ಮೂಡಿಸುವ ಬೆಳಕಿನ ವ್ಯತಿಕರಣವೇ ಇಲ್ಲಿಯೂ ಬಣ್ಣ ಮೂಡಿಸುತ್ತದೆ. ಉಕ್ಕಿನ ಮೇಲೆ ಬೆಳೆಯುವ ಆಕ್ಸೈಡಿನ ಪೊರೆ ದಪ್ಪವಾದಂತೆ ಬಣ್ಣ ಬದಲಾಗುತ್ತದೆ. ಉಷ್ಣಮಾಪಕವಿಲ್ಲದ ಕುಲುಮೆಯಲ್ಲಿ ಕಮ್ಮಾರ ತನ್ನ ಕಣ್ಣಿನಿಂದ ಬೆಳಕಿನ ತರಂಗಗಳನ್ನೇ ಅಳತೆಗೋಲು ಮಾಡಿಕೊಂಡಿದ್ದಾನೆ. ಇನ್ನೂ ಒಂದು ಸಂಗತಿ. ಸುಮಾರು 770 ಡಿಗ್ರಿ ದಾಟಿದಾಗ ಕಬ್ಬಿಣವನ್ನು ಅಯಸ್ಕಾಂತ ಹಿಡಿಯುವುದು ನಿಲ್ಲುತ್ತದೆ. ಪಠ್ಯಪುಸ್ತಕದಲ್ಲಿ ಕ್ಯೂರಿ ಬಿಂದು ಎಂದು ಓದುವ ಇದನ್ನೇ ಗುರುತಾಗಿಟ್ಟುಕೊಂಡು, ಅದಕ್ಕಿಂತ ಸ್ವಲ್ಪ ಮೇಲೆ ಕಾಯಿಸಿ ತಣಿಸುವ ಕುಶಲಕರ್ಮಿಗಳಿದ್ದಾರೆ.

ಇಷ್ಟನ್ನು ತಿಳಿದ ಮೇಲೆ ನ್ಯಾಯವಾದ ಪರೀಕ್ಷೆಯ ಕ್ರಮವೇನು? ಒಂದು ಬಾರಿಗೆ ಒಂದೇ ಸಂಗತಿಯನ್ನು ಬದಲಿಸುವುದೇ ಅದರ ಮೂಲಸೂತ್ರ. ಎರಡು ಮಚ್ಚುಗಳನ್ನು ಹೋಲಿಸಬೇಕಾದರೆ ಮೊದಲು ಎರಡಕ್ಕೂ ಒಂದೇ ಕೈ ಒಂದೇ ರೀತಿಯಲ್ಲಿ ಸಾಣೆ ಹಿಡಿಯಬೇಕು; ಇಲ್ಲವಾದರೆ ನೀವು ಹೋಲಿಸುವುದು ಮಚ್ಚುಗಳನ್ನಲ್ಲ, ಸಾಣೆಗಳನ್ನು. ಕೊಂಬೆಗಳು ಒಂದೇ ಮರದವು, ಒಂದೇ ದಿನ ಕಡಿದವು, ಒಂದೇ ದಪ್ಪದವು ಆಗಿರಬೇಕು. 4 ಸೆಂಟಿಮೀಟರಿನ ಕೊಂಬೆ 2 ಸೆಂಟಿಮೀಟರಿನದಕ್ಕಿಂತ ಎರಡು ಪಟ್ಟು ಅಲ್ಲ, ನಾಲ್ಕು ಪಟ್ಟು ಕೊಯ್ತವನ್ನು ಕೇಳುತ್ತದೆಂಬುದನ್ನು ಮರೆಯಬಾರದು. ಏಟಿನ ಓರೆಯೂ ಒಂದೇ ಇರಬೇಕು. ಮರದ ಎಳೆಗಳಿಗೆ ಅಡ್ಡಲಾಗಿ ಬಿದ್ದ ಏಟಿಗಿಂತ ಓರೆಯಾಗಿ ಬಿದ್ದದ್ದು ಆಳಕ್ಕೆ ಹೋಗುತ್ತದೆ. ಹತ್ತು ಕೊಂಬೆಗಳನ್ನು ಒಂದು ಮಚ್ಚಿನಿಂದ ಮುಗಿಸಿ, ಆಮೇಲೆ ಹತ್ತನ್ನು ಇನ್ನೊಂದರಿಂದ ಕಡಿದರೆ ದಣಿವಿನ ತಪ್ಪನ್ನೆಲ್ಲ ಎರಡನೆಯದೇ ಹೊರಬೇಕಾಗುತ್ತದೆ. ಆದುದರಿಂದ ಒಂದಾದ ಮೇಲೊಂದರಂತೆ ಬದಲಿಸುತ್ತ ಹೋಗಬೇಕು. ಒಂದು ಕೊಂಬೆಗೆ ಎಷ್ಟು ಏಟು ಬಿತ್ತೆಂದು ಪಕ್ಕದವರು ಬರೆದುಕೊಳ್ಳಲಿ. ಮಚ್ಚಿನ ಹೆಸರು, ಬೆಲೆಗಳು ಕಡಿಯುವವನಿಗೆ ತಿಳಿಯದಂತೆ ಗುರುತುಗಳನ್ನು ಕಾಗದದಿಂದ ಮುಚ್ಚಿದರೆ ಇನ್ನೂ ಉತ್ತಮ. ದುಬಾರಿ ವಸ್ತು ಚೆನ್ನಾಗಿಯೇ ಇರಬೇಕೆಂಬ ಆಸೆ ತೋಳಿಗೂ ಗೊತ್ತಾಗುತ್ತದೆ! ಕೊನೆಗೆ ಬಾಯಿಯನ್ನು ಬೆಳಕಿಗೆ ಹಿಡಿದು ನೋಡಿ. ಚೂಪಾದ ಬಾಯಿ ಬೆಳಕನ್ನು ಹಿಂದಿರುಗಿಸುವಷ್ಟು ಅಗಲವಿರದು. ಮೊಂಡಾದ ಕಡೆ ಬಿಳಿಯ ಗೆರೆ ಹೊಳೆಯುತ್ತದೆ. ಜೋಳದ ದಂಟು, ತೊಗರಿ ಕಟ್ಟಿಗೆ, ಹಸಿ ಬೇವು, ಒಣ ಜಾಲಿ, ಈ ನಾಲ್ಕರ ಮೇಲೂ ಇದೇ ಕ್ರಮದಲ್ಲಿ ನಡೆಸಿದರೆ ಯಾವ ಜಾಹೀರಾತೂ ಹೇಳದ ಒಂದು ಪಟ್ಟಿ ನಿಮ್ಮ ಕೈಯಲ್ಲಿರುತ್ತದೆ.

ಕೊಂಬೆ ಕಡಿಯದೆಯೂ ಮಾಡಬಹುದಾದ ಒಂದು ಅಳತೆ ಇದೆ. ಮಚ್ಚು ಬೀಸಿದಾಗ ಕೆಲವು ಏಟುಗಳು ಅಂಗೈಗೆ ಜುಮ್ಮೆನ್ನಿಸುತ್ತವೆ, ಕೆಲವು ಬೆಣ್ಣೆಯಲ್ಲಿ ಇಳಿದಂತಿರುತ್ತವೆ. ಅಲಗಿನ ಒಂದು ನಿರ್ದಿಷ್ಟ ಬಿಂದು ಕೊಂಬೆಗೆ ತಗುಲಿದರೆ ಹಿಡಿದ ಕೈಗೆ ಮರುಪೆಟ್ಟು ಬಾರದು; ಅದನ್ನು ಆಘಾತಕೇಂದ್ರವೆನ್ನುವರು. ಒಂದೇ ಸಮನಾದ ಪಟ್ಟಿಯನ್ನು ತುದಿಯಲ್ಲಿ ಹಿಡಿದರೆ ಅದು ಉದ್ದದ ಮೂರರಲ್ಲಿ ಎರಡು ಪಾಲು ದೂರದಲ್ಲಿರುತ್ತದೆ. ಮಚ್ಚಿನಲ್ಲಿ ಅದನ್ನು ಕಂಡುಹಿಡಿಯಲು ಹಿಡಿಯ ಮೇಲೆ ತೋರುಬೆರಳು ಕೂರುವ ಜಾಗಕ್ಕೆ ತೆಳುವಾದ ಕಬ್ಬಿಣದ ಸಲಾಕೆಯನ್ನು ಅಡ್ಡಲಾಗಿ ಬಿಗಿದು ಕಟ್ಟಿ, ಸಲಾಕೆಯ ಎರಡು ತುದಿಗಳನ್ನು ಎರಡು ಕುರ್ಚಿಗಳ ಬೆನ್ನಿನ ಮೇಲಿಟ್ಟು, ಅಲಗನ್ನು ಲೋಲಕದಂತೆ ಮೆಲ್ಲನೆ ತೂಗಬಿಡಿ. ಇಪ್ಪತ್ತು ಆಂದೋಲನಗಳ ಕಾಲವನ್ನು ಅಳೆಯಿರಿ. 22 ಸೆಕೆಂಡಾದರೆ ಒಂದಕ್ಕೆ 1.1 ಸೆಕೆಂಡು. ಆ ಕಾಲವಿರುವ ಸರಳ ಲೋಲಕದ ಉದ್ದ 30 ಸೆಂಟಿಮೀಟರು. ನಿಮ್ಮ ಮಚ್ಚಿನ ಆಘಾತಕೇಂದ್ರ ಸಲಾಕೆಯಿಂದ ಅಷ್ಟೇ ದೂರದಲ್ಲಿದೆ. ಅಲ್ಲಿ ಸೀಮೆಸುಣ್ಣದಿಂದ ಗುರುತು ಮಾಡಿ, ಆ ಜಾಗದಿಂದಲೇ ಕೊಂಬೆಗೆ ಹೊಡೆದು ನೋಡಿ. ಲೆಕ್ಕ ಹೇಳಿದ್ದನ್ನು ಅಂಗೈ ಒಪ್ಪುತ್ತದೆಯೋ ಇಲ್ಲವೋ ತಿಳಿಯುತ್ತದೆ. ಲೋಲಕದ ಈ ನಿಯಮವನ್ನು ಹಾಲೆಂಡಿನ ಹೈಗೆನ್ಸ್ 1673ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ವಿವರಿಸಿದನು.

ಪದವಿ ತರಗತಿಯ ವಿದ್ಯಾರ್ಥಿಗಳು ಇದನ್ನು ಕೂಡಲೇ ಗುರುತಿಸುವರು. ತೂತುಗಳಿರುವ ಕಬ್ಬಿಣದ ಪಟ್ಟಿಯನ್ನು ತೂಗಬಿಟ್ಟು ಗುರುತ್ವದ ಬೆಲೆಯನ್ನು ಕಂಡುಹಿಡಿಯುವ ಹಳೆಯ ಪ್ರಯೋಗವೇ ಇದು. ಆದರೆ ಆ ಪ್ರಯೋಗದಲ್ಲಿ ಏನು ನಡೆಯುತ್ತದೆಂಬುದನ್ನು ಅಧ್ಯಾಪಕರೂ ಬಲ್ಲರು, ವಿದ್ಯಾರ್ಥಿಗಳೂ ಬಲ್ಲರು. ಉತ್ತರ 980ರ ಹತ್ತಿರ ಬರಬೇಕೆಂಬುದು ಮೊದಲೇ ಗೊತ್ತು; 930 ಬಂದರೆ ಎಣಿಕೆಯಲ್ಲಿ ತಪ್ಪು ಹುಡುಕುವ ಬದಲು ಅಂಕಿಯನ್ನೇ ತಿದ್ದಿ 978 ಎಂದು ಬರೆಯುವ ಅಭ್ಯಾಸ ಮೆಲ್ಲಮೆಲ್ಲನೆ ಬೆಳೆಯುತ್ತದೆ. ಇದು ಸಣ್ಣ ದೋಷವಲ್ಲ. ಪ್ರಕೃತಿಯನ್ನು ಕೇಳುವುದಕ್ಕೆಂದು ಇರುವ ಘಂಟೆಯಲ್ಲಿ ಪ್ರಕೃತಿಯ ಬಾಯಿ ಮುಚ್ಚುವುದನ್ನು ಕಲಿತಂತಾಗುತ್ತದೆ. ಹಿತ್ತಲಿನ ಮಚ್ಚಿನ ಆಘಾತಕೇಂದ್ರ ಎಲ್ಲಿದೆಯೆಂಬುದು ಯಾವ ಪುಸ್ತಕದ ಕೊನೆಯ ಪುಟದಲ್ಲಿಯೂ ಇಲ್ಲ. ತಿದ್ದಿ ಬರೆಯಲು ಸರಿಯುತ್ತರವೇ ಇಲ್ಲದಿರುವಾಗ ಅಳೆಯುವುದೊಂದೇ ದಾರಿ. ಉತ್ತರ ಗೊತ್ತಿಲ್ಲದ ಪ್ರಶ್ನೆಯೇ ಪ್ರಯೋಗದ ಪ್ರಾಣ.

ಇದಕ್ಕೆ ಆಕ್ಷೇಪಗಳಿಲ್ಲದೆ ಇಲ್ಲ. "ಮಚ್ಚು ಹಿಡಿಯುವುದು ತಪ್ಪಲೆಂದೇ ಮಗನನ್ನು ಕಾಲೇಜಿಗೆ ಕಳಿಸಿದ್ದೇವೆ" ಎಂದು ಕೆಲವು ತಂದೆಗಳು ಹೇಳಬಹುದು. ಅವರ ನೋವು ನನಗೆ ಅರ್ಥವಾಗುತ್ತದೆ. ಆದರೆ ಕೈಕೆಲಸವನ್ನು ವಿದ್ಯೆಯ ವೈರಿಯೆಂದು ಎಣಿಸಿದ್ದರಿಂದ ವಿದ್ಯೆಗೇ ನಷ್ಟವಾಗಿದೆ. ನಾವು ವಿದ್ಯುತ್ತಿನ ಪಾಠದಲ್ಲಿ ದಿನವೂ ಹೆಸರಿಸುವ ಮೈಕೆಲ್ ಫ್ಯಾರಡೆ ಒಬ್ಬ ಕಮ್ಮಾರನ ಮಗ. ವಿದ್ಯುತ್ತಿನಲ್ಲಿ ತನ್ನ ಮಹತ್ತರ ಶೋಧಗಳನ್ನು ಮಾಡುವ ಮೊದಲು, 1819ರಿಂದ ಕೆಲವು ವರ್ಷ, ಆತ ಚಾಕು ಕತ್ತರಿಗಳನ್ನು ಮಾಡುವ ಸ್ಟೊಡಾರ್ಟ್ ಎಂಬಾತನೊಡನೆ ಕೂಡಿ ಉಕ್ಕಿನ ಮೇಲೆ ಪ್ರಯೋಗ ನಡೆಸಿದ. ಅವನ ಕುತೂಹಲ ಕೆರಳಿಸಿದ್ದು ಭಾರತದಿಂದ ಹೋದ ವೂಟ್ಜ್ ಉಕ್ಕು. ಆ ಹೆಸರು ನಮ್ಮ "ಉಕ್ಕು" ಎಂಬ ಮಾತಿನಿಂದಲೇ ಹುಟ್ಟಿತೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಆ ಉಕ್ಕನ್ನು ಮೂಸೆಗಳಲ್ಲಿ ಕರಗಿಸುತ್ತಿದ್ದ ಪ್ರಸಿದ್ಧ ಊರುಗಳಲ್ಲೊಂದಾದ ಕೋನಸಮುದ್ರಂ ಇರುವುದು ನಮ್ಮ ಗಡಿಯಾಚೆ, ತೆಲಂಗಾಣದಲ್ಲಿ. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ದೊರೆತ ಕಬ್ಬಿಣ ಕ್ರಿ. ಪೂ. 1000ದ ಸುಮಾರಿನದು. ಸುರಪುರದಲ್ಲಿ ಆಂಗ್ಲರ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ 19ನೆಯ ಶತಮಾನದ ನಡುವಿನಲ್ಲಿಯೇ ನಮ್ಮ ಸೀಮೆಯ ರಾಜನಕೊಳ್ಳೂರು, ಜೇವರ್ಗಿಗಳ ಬೃಹತ್ ಶಿಲಾಸಮಾಧಿಗಳನ್ನು ಪರಿಶೀಲಿಸಿ ಬರೆದನು. ದಕ್ಷಿಣ ಭಾರತದ ಇಂಥ ಸಮಾಧಿಗಳು ಕಬ್ಬಿಣದ ಅಲಗು, ಕೊಡಲಿ, ಕುಡಗೋಲುಗಳಿಗೆ ಹೆಸರಾದವು. ಕಬ್ಬಿಣ ಹದಮಾಡಿದವರ ನಾಡಿನಲ್ಲಿ ಹುಟ್ಟಿ, ಹದದ ವಿಜ್ಞಾನವನ್ನು ಹೊರದೇಶದ ಸರಕಿನ ಮೇಲಿನ ಚೀಟಿಯಿಂದ ಕಲಿಯಬೇಕೇ? ನಮ್ಮ ಗಾದೆ ಹಿತ್ತಲ ಗಿಡ ಮದ್ದಲ್ಲ ಎನ್ನುತ್ತದೆ. ನಮ್ಮ ಶಿಕ್ಷಣ ಆ ಗಾದೆಯನ್ನು ವ್ಯಂಗ್ಯವೆಂದು ತಿಳಿಯದೆ ವಿಧಿಯೆಂದು ಪಾಲಿಸುತ್ತಿರುವಂತಿದೆ.

"ಈಗ ಗಿಡಗಂಟಿ ಸವರುವ ಯಂತ್ರಗಳು ಬಂದಿವೆಯಲ್ಲ" ಎಂಬುದು ಇನ್ನೊಂದು ಆಕ್ಷೇಪ. ಬರಲಿ. ಯಂತ್ರಕ್ಕೂ ಅಲಗುಂಟು, ಅಲಗಿಗೆ ಕೋನವುಂಟು, ವೇಗವುಂಟು, ಹದವುಂಟು. ಮಚ್ಚನ್ನು ಪರೀಕ್ಷಿಸಲು ಕಲಿತವನು ಯಂತ್ರವನ್ನೂ ಪರೀಕ್ಷಿಸಿ ಕೊಳ್ಳುವನು. ಕಲಿಯದವನನ್ನು ಎರಡರಲ್ಲಿಯೂ ಮೋಸಗೊಳಿಸಬಹುದು. ಪರೀಕ್ಷೆಯು ಹತಾರದ ಮಿತಿಯನ್ನೂ ತಿಳಿಸುತ್ತದೆ. ಬಳ್ಳಾರಿ ಜಾಲಿಯನ್ನು ನೆಲಮಟ್ಟಕ್ಕೆ ಕಡಿದರೆ ಬುಡದಿಂದ ಮತ್ತೆ ಹತ್ತಾರು ಚಿಗುರು ಬರುತ್ತವೆ. ಅದನ್ನು ತೆಗೆಯುವುದು ಮಚ್ಚಿನ ಕೆಲಸವಲ್ಲ, ಬುಡವನ್ನೇ ಅಗೆದು ತೆಗೆಯುವ ಗುದ್ದಲಿಯ ಕೆಲಸ.

ಮೂರನೆಯ ಆಕ್ಷೇಪ ಅಪಾಯದ್ದು, ಇದನ್ನು ತಳ್ಳಿಹಾಕುವಂತಿಲ್ಲ. 30 ಜೂಲ್ ಶಕ್ತಿ ಕೊಂಬೆಗೂ ಕಾಲಿಗೂ ಭೇದವೆಣಿಸದು. ಆದುದರಿಂದ ಈ ಪ್ರಯೋಗವನ್ನು ಮನೆಯ ಹಿರಿಯರು ಎದುರಿಗಿದ್ದಾಗ ಹಿತ್ತಲಿನಲ್ಲಿಯೇ ಮಾಡಬೇಕು. ಮಚ್ಚನ್ನು ಕಾಲೇಜಿಗಾಗಲಿ ಬೀದಿಗಾಗಲಿ ಒಯ್ಯಕೂಡದು. ಬೀಸುವವನ ಸುತ್ತ ಮೂರು ನಾಲ್ಕು ಮೀಟರಿನೊಳಗೆ ಯಾರೂ ನಿಲ್ಲಬಾರದು. ಕಾಲಿಗೆ ಗಟ್ಟಿ ಬೂಟು, ಕಣ್ಣಿಗೆ ಕನ್ನಡಕ ಇರಲಿ. ಏಟು ತಪ್ಪಿದರೆ ಅಲಗು ಎಲ್ಲಿಗೆ ಹೋಗುವುದೆಂದು ಮೊದಲೇ ಯೋಚಿಸಿ, ಆ ದಾರಿಯಿಂದ ಕಾಲನ್ನೂ ಇನ್ನೊಂದು ಕೈಯನ್ನೂ ದೂರವಿಡಬೇಕು. ಹಿಡಿ ಸಡಿಲವಾಗಿದ್ದರೆ, ಕೈ ಬೆವರಿ ಜಾರುತ್ತಿದ್ದರೆ ಅಲ್ಲಿಗೇ ನಿಲ್ಲಿಸಬೇಕು. ಮೊಂಡು ಮಚ್ಚು ನಿರಪಾಯವೆಂಬುದು ಭ್ರಮೆ. ಅದು ಹೆಚ್ಚು ಬಲ ಕೇಳುತ್ತದೆ, ಕೊಂಬೆಯ ಮೇಲೆ ಜಾರುತ್ತದೆ. ಜಾರಿದ ಬಲವೇ ಗಾಯಮಾಡುವುದು.

ತರುಣ ಮಿತ್ರರು ಬರುವ ಬೇಸಗೆಯ ರಜೆಯಲ್ಲಿ ಒಂದು ಕೆಲಸ ಮಾಡಬಹುದು. ಮನೆಯ ಹಳೆಯ ಮಚ್ಚೊಂದನ್ನು ತೂಗಿ, ಅಳೆದು, ಲೋಲಕ ಮಾಡಿ, ನಾಲ್ಕು ಬಗೆಯ ಕೊಂಬೆಗಳ ಮೇಲೆ ಏಟುಗಳನ್ನು ಎಣಿಸಿ ಬರೆದಿಡಿ. ಆ ಪಟ್ಟಿಯನ್ನು ಊರಿನ ಕಮ್ಮಾರನ ಬಳಿ ಒಯ್ದು, "ಇದು ಬೇವಿಗೆ ಚೆನ್ನಾಗಿದೆ, ಜಾಲಿಗೆ ಬಾಯಿ ಮಡಚುತ್ತದೆ, ಏನು ಮಾಡೋಣ?" ಎಂದು ಕೇಳಿ. ಆತ ಹದವನ್ನು ಬದಲಿಸುವನೋ, ಬಾಯಿಯ ಕೋನವನ್ನು ಬದಲಿಸುವನೋ ಗಮನಿಸಿ, ಮತ್ತೆ ಎಣಿಸಿ ನೋಡಿ. ಏಟುಗಳ ಸಂಖ್ಯೆ ಇಳಿದರೆ ಆತನಿಗೆ ತಿಳಿಸಿ ಬನ್ನಿ. ಇಳಿಯದಿದ್ದರೂ ತಿಳಿಸಿ ಬನ್ನಿ. ಕುಲುಮೆಗೂ ಕಾಲೇಜಿಗೂ ನಡುವೆ ಮುಚ್ಚಿಹೋಗಿರುವ ಕಾಲುದಾರಿಯ ಮುಳ್ಳು ಸವರಲು ಅಷ್ಟು ಸಾಕು.